ದಿಂಬಿನ ಬಳಿಯ ಅಮ್ಮ

ಮಕ್ಕಳಿಗೆ ಸ್ವಂತ ಟ್ಯಾಬ್ ಯಾವ ವಯಸ್ಸಿಗೆ ಕೊಡಬೇಕು ಎಂಬ ವಿಷಯದಲ್ಲಿ ಒಂದು ಕಾಲಕ್ಕೆ ನನ್ನಷ್ಟು ಗಟ್ಟಿಯಾಗಿ ಮಾತಾಡುವವರು ನೆಲ್ಯಾಡಿಯ ಸುತ್ತಮುತ್ತ ಯಾರೂ ಇರಲಿಲ್ಲ. ಪುತ್ತೂರಿನಲ್ಲಿ ಬಿ.ಎ. ಮಾಡಿದವಳು, ಕೈಗೆ ಸಿಕ್ಕಿದ್ದನ್ನೆಲ್ಲ ಓದುವವಳು, ಮಾತಿಗೇನು ಬರ? ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಯಾರಾದರೂ, ಮೊಬೈಲ್ ತೋರಿಸದೆ ಮಗು ಅನ್ನ ತಿನ್ನುವುದಿಲ್ಲ ಎಂದರೆ, ಹಸಿವಾದರೆ ತಾನಾಗಿ ತಿನ್ನುತ್ತದೆ ಎಂದು ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ನಮ್ಮ ಮಗಳಿಗೆ ಐದನೇ ಕ್ಲಾಸು ಮುಗಿಯುವವರೆಗೆ ಅದೆಲ್ಲ ಇಲ್ಲ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ನಾನೂ ಗಂಡನೂ ತೀರ್ಮಾನ ಮಾಡಿದ್ದೆವು. ಅವಳಿಗೆ ನಾಲ್ಕು ತುಂಬಿದ ವರ್ಷವೇ ಟ್ಯಾಬ್ ಅವಳ ದಿಂಬಿನ ಬಳಿ ಬಂದು ಕೂತಿತು.

ನಾವಿಬ್ಬರೂ ರಬ್ಬರ್ ಟ್ಯಾಪಿಂಗ್ ಮಾಡುವವರು. ತೋಟ ಬೇರೆಯವರದು, ತೋಟದ ಅಂಚಿನಲ್ಲಿ ಇರಲು ಒಂದು ಸಣ್ಣ ಮನೆ ಕೊಟ್ಟಿದ್ದಾರೆ. ಗಂಡನ ಕಡೆಯವರು ಹಿಂದೆ ಯಾವಾಗಲೋ ಕೇರಳದಿಂದ ಬಂದು ಇಲ್ಲಿ ನೆಲೆ ನಿಂತವರು, ಮನೆಯಲ್ಲಿ ಮಲಯಾಳ. ನನ್ನದು ಪಂಜದ ಕಡೆ, ತುಳು. ನಾವೇ ಒಪ್ಪಿ ಮದುವೆಯಾದದ್ದರಿಂದ ನಮ್ಮ ನಡುವೆ ಕನ್ನಡ ಉಳಿಯಿತು, ನೆಂಟರು ಎರಡೂ ಕಡೆ ದೂರ ಉಳಿದರು. ಮಾತು ಬಿಟ್ಟಿದ್ದಾರೆ ಎಂದಲ್ಲ. ಕಡಬದ ಪೇಟೆಯಲ್ಲಿ ಎದುರಾದರೆ ನಗುತ್ತಾರೆ, ಮಗುವಿನ ಕೆನ್ನೆ ಹಿಂಡುತ್ತಾರೆ. ಬೆಳಗಿನ ಜಾವ ಬಂದು ಆ ಮಗುವಿನ ಪಕ್ಕ ಮಲಗುವಷ್ಟು ನಮ್ಮವರು ಅಂತ ಯಾರೂ ಇಲ್ಲ.

ಬೆಳಗಿನ ಜಾವವೇ ನಮ್ಮ ಕೆಲಸದ ಹೊತ್ತು. ರಬ್ಬರ್ ಮರ ತಂಪು ಇರುವಾಗ ಚೆನ್ನಾಗಿ ಹಾಲು ಬಿಡುತ್ತದೆ, ಬಿಸಿಲು ಏರಿದ ಹಾಗೆ ಹಾಲು ಕಟ್ಟಿಕೊಳ್ಳುತ್ತದೆ. ಅದಕ್ಕೇ ಕತ್ತಲಿರುವಾಗಲೇ ಹಣೆಗೆ ಟಾರ್ಚ್ ಕಟ್ಟಿಕೊಂಡು ಹೊರಡಬೇಕು. ಒಂದು ಮರದ ತೊಗಟೆಯನ್ನು ತೆಳ್ಳಗೆ ಕೆತ್ತಿ, ಹಾಲು ಬೀಳುವ ಕಡೆ ತೆಂಗಿನ ಚಿಪ್ಪನ್ನು ಸರಿಮಾಡಿ, ಮುಂದಿನ ಮರಕ್ಕೆ ಹೋಗಬೇಕು. ಗಂಡ ಮೇಲಿನ ಗುಡ್ಡೆ, ನಾನು ಕೆಳಗಿನ ಗುಡ್ಡೆ. ಇಬ್ಬರಲ್ಲಿ ಒಬ್ಬರು ಮನೆಯಲ್ಲಿ ಕೂತರೆ ಅರ್ಧ ತೋಟ ಹಾಗೇ ಉಳಿಯುತ್ತದೆ. ಅರ್ಧ ತೋಟ ಬಿಡುವವರನ್ನು ಯಾವ ಯಜಮಾನನೂ ಇಟ್ಟುಕೊಳ್ಳುವುದಿಲ್ಲ.

ಮಗಳು ಕೂಸಾಗಿದ್ದಾಗ ಎರಡು ಮರಗಳ ನಡುವೆ ಸೀರೆಯ ಜೋಲಿ ಕಟ್ಟಿ, ಸೊಳ್ಳೆಪರದೆ ಹೊದಿಸಿ, ಅದರ ಸುತ್ತಲೇ ಕೆಲಸ ಮಾಡಿದೆ. ನಡೆಯಲು ಕಲಿತ ಮೇಲೆ ಜೋಲಿಯಲ್ಲಿ ನಿಲ್ಲಲಿಲ್ಲ. ಮನೆಯಲ್ಲೇ ಮಲಗಿಸಿ ಹೊರಗಿನಿಂದ ಚಿಲಕ ಹಾಕಿ ನೋಡಿದೆವು. ಒಂದು ದಿನ ಬಂದು ನೋಡಿದರೆ ಬಾಗಿಲಿನ ಒಳಗಡೆ ಉಗುರಿನ ಗೀರುಗಳಿದ್ದವು. ಗಂಡ ಆ ಚಿಲಕವನ್ನೇ ಕಿತ್ತು ಬಿಸಾಡಿದ. ಆಮೇಲೆ ಬಾಗಿಲು ಸುಮ್ಮನೆ ಎಳೆದುಕೊಂಡು ಹೋಗುತ್ತಿದ್ದೆವು. ಅವಳಿಗೆ ಎಚ್ಚರವಾದರೆ ಕಿಟಕಿಯಿಂದ ತೋಟದೊಳಗೆ ಓಡಾಡುವ ನಮ್ಮ ಎರಡು ಟಾರ್ಚುಗಳು ಕಾಣುತ್ತಿದ್ದವು. ಬೆಳಕು ಕಾಣುವಷ್ಟು ಹೊತ್ತು ನಾವು ಹತ್ತಿರವೇ ಇದ್ದೇವೆ, ಹೆದರಬಾರದು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಅವಳು ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಕಿಟಕಿಯಲ್ಲಿ ಕೂತು ಬೆರಳು ತೋರಿಸಿ, ಅದು ಅಪ್ಪ, ಇದು ಅಮ್ಮ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳಂತೆ.

ಮಳೆ ನಿಂತು ಮತ್ತೆ ಟ್ಯಾಪಿಂಗ್ ಜೋರಾದ ದಿನಗಳಲ್ಲಿ ಒಂದು ಬೆಳಿಗ್ಗೆ ನಾವಿಬ್ಬರೂ ಗುಡ್ಡೆಯ ಆಚೆ ಮಗ್ಗುಲಿನಲ್ಲಿದ್ದೆವು. ಮಗಳಿಗೆ ಎಚ್ಚರವಾಗಿದೆ. ಕಿಟಕಿಯಲ್ಲಿ ನಮ್ಮ ಬೆಳಕು ಇಲ್ಲ. ಆದರೆ ತೋಟದ ಕೆಳಗೆ, ಮರಗಳ ಸಂದಿಯಲ್ಲಿ, ಬೇರೆ ಬೆಳಕುಗಳು ಬಂದು ಹೋಗುತ್ತಿದ್ದವು. ಅದು ಬೆಂಗಳೂರಿನ ಹೆದ್ದಾರಿ. ಅವಳು ಎದ್ದು, ಚಪ್ಪಲಿ ಹಾಕಿಕೊಂಡು, ಲಾರಿಗಳ ಬೆಳಕನ್ನು ನೋಡಿಕೊಂಡು ನಮ್ಮನ್ನು ಹುಡುಕುತ್ತಾ ಇಳಿದುಹೋದಳು.

ಹೆದ್ದಾರಿಯ ಪಕ್ಕ ಲಾರಿಯವರಿಗಾಗಿ ಬೇಗ ಬಾಗಿಲು ತೆಗೆಯುವ ಸಣ್ಣ ಹೋಟೆಲು ನಡೆಸುವ ಬ್ಯಾರಿ ಅವಳನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದ್ದರು. ನಾವು ಎದೆ ಬಡಿದುಕೊಂಡು ಓಡಿ ಬರುವಾಗ ಅವಳು ಬನ್ಸ್ ತಿನ್ನುತ್ತಿದ್ದಳು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಅಪ್ಪನ ಲೈಟ್ ಅಲ್ಲಿ ಉಂಟು ಅಂತ ಹೇಳ್ತಾ ಇತ್ತು ಮಾರಾಯ್ರೆ," ಎಂದರು. "ಕಾಲು ರೋಡಿಗೆ ಇಟ್ಟಾಗಿತ್ತು. ನಾನು ನೋಡಿದ್ದಕ್ಕೆ ಆಯ್ತು."

ಮನೆ ಮುಟ್ಟುವವರೆಗೂ ಗಂಡ ಅವಳನ್ನು ಹೆಗಲಿನಿಂದ ಇಳಿಸಲಿಲ್ಲ. ಅಂದು ಹಾಲು ಸಂಗ್ರಹಿಸಲೂ ಹೋಗಲಿಲ್ಲ, ಎಲ್ಲ ಚಿಪ್ಪಿನಲ್ಲೇ ಹೆಪ್ಪುಗಟ್ಟಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಅವನೇ ಟ್ಯಾಬಿನ ಮಾತು ಎತ್ತಿದ. ಅದು ಇದ್ದರೆ ಅವಳು ಹಾಸಿಗೆಯಿಂದ ಏಳುವುದಿಲ್ಲ, ಪಕ್ಕದ ಮನೆಯ ಮಕ್ಕಳನ್ನು ನೋಡಿಲ್ಲವೇ ಎಂದ. ನಾನು ನನ್ನ ಹಳೆಯ ಪುರಾಣ ತೆಗೆದೆ: ಕಣ್ಣು, ಮಿದುಳು, ಮಾತು ಕಲಿಯುವುದು, ಐದನೇ ಕ್ಲಾಸು. ಅವನು ತಟ್ಟೆಯಿಂದ ತಲೆ ಎತ್ತದೆ ಕೇಳಿದ.

"ಐದನೇ ಕ್ಲಾಸಿನವರೆಗೆ ಅವಳು ಇರುದು ಬೇಡವಾ?"

ಟ್ಯಾಬ್ ಬರಲಿ ಎಂದೆ. ಒಂದೇ ಒಂದು ಷರತ್ತು ಹಾಕಿದೆ. ಎಲೆ ಉದುರಿ ಮರ ಚಿಗುರುವ ಹೊತ್ತಿಗೆ ಟ್ಯಾಪಿಂಗಿಗೆ ರಜೆ ಇರುತ್ತದಲ್ಲ, ಆಗ ಮರದ ಜೊತೆ ಟ್ಯಾಬಿಗೂ ರಜೆ. ಅಷ್ಟರೊಳಗೆ ಬೇರೇನಾದರೂ ದಾರಿ ಕಂಡೀತು ಎಂದುಕೊಂಡೆ. ಗಂಡ ಒಪ್ಪಿದ.

ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ತೆಗೆದುಕೊಂಡೆವು. ಮಗುವಿಗೆ ಎಷ್ಟು ವರ್ಷ ಎಂದು ಅಂಗಡಿಯವನು ಕೇಳಿದಾಗ ನಾನು ನಾಚಿಕೆಯಿಂದ ನಾಲ್ಕು ಎಂದೆ. ಅವನ ಹುಬ್ಬು ಏರಲಿಲ್ಲ. ತನ್ನ ತಂಗಿಯ ಮಗು ಎರಡಕ್ಕೇ ಶುರು ಮಾಡಿದೆ, ನೀವು ಲೇಟು ಎಂದು ಸಮಾಧಾನ ಹೇಳಿದ. ಬಿದ್ದರೂ ಒಡೆಯದ ಹಾಗೆ ದಪ್ಪ ರಬ್ಬರ್ ಕವರ್ ಹಾಕಿ ಕೊಟ್ಟ. ಗಂಡ ಅದನ್ನು ಹಿಚುಕಿ, ಮೂಸಿ, ಇದು ಅಸಲಿ ರಬ್ಬರ್ ಅಲ್ಲ ಎಂದ. ಆ ದಿನ ನಾವು ನಕ್ಕದ್ದು ಅಷ್ಟೇ.

ಬರೀ ಕಾರ್ಟೂನಿನ ಕೈಗೆ ಮಗುವನ್ನು ಕೊಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ನನ್ನದೇ ಒಂದು ವಿಡಿಯೊ ಮಾಡಿ ಇಡುತ್ತೇನೆ, ಎದ್ದ ಕೂಡಲೇ ಮೊದಲು ನನ್ನನ್ನು ನೋಡಲಿ ಎಂದೆ. ಆ ಉಪಾಯ ಹೊಳೆದಾಗ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡದ್ದೂ ಉಂಟು. ಭಾನುವಾರ ತಲೆಗೆ ಸ್ನಾನ ಮಾಡಿ, ಜಡೆ ಹಾಕಿ, ಕುಂಕುಮ ಇಟ್ಟು, ಮದುವೆಮನೆಗೆ ಉಡುವ ಹಸಿರು ಸೀರೆ ಉಟ್ಟು ಗೋಡೆಗೆ ಒರಗಿ ಕೂತೆ. ಗಂಡ ಟ್ಯಾಬ್ ಹಿಡಿದ. "ಎದ್ದೆಯಾ ಮಗಾ? ಚೆನ್ನಾಗಿ ನಿದ್ದೆ ಬಂತಾ? ಹೊರಗೆ ಹೋಗುದು ಬೇಡ, ಆಯ್ತಾ. ಅಮ್ಮ ಈಗ ಬರ್ತೇನೆ." ಆಮೇಲೆ ಒಂದು ಮೊಲದ ಕಥೆ, ಕೊನೆಗೆ ಒಂದು ಮುತ್ತು. ಮೂರು ನಾಲ್ಕು ಸಲ ತೆಗೆದು, ಚೆನ್ನಾಗಿ ಬಂದದ್ದನ್ನು ಉಳಿಸಿಕೊಂಡೆವು.

ಕೆಲಸ ಸಲೀಸಾಯಿತು. ಮಗಳು ಎದ್ದು ನನ್ನ ಚಿತ್ರ ಒತ್ತುತ್ತಿದ್ದಳು, ಕಥೆ ಕೇಳುತ್ತಿದ್ದಳು, ಆಮೇಲೆ ಕಾರ್ಟೂನು. ಹಾಸಿಗೆ ಬಿಟ್ಟು ಇಳಿಯಲಿಲ್ಲ. ಬಾಗಿಲ ಕಡೆಗೂ ಕಿಟಕಿಯ ಕಡೆಗೂ ಹೋಗಲಿಲ್ಲ. ನಾನು ಮರ ಕೆತ್ತುವಾಗ ಎದೆ ಹೊಡೆದುಕೊಳ್ಳುವುದು ನಿಂತಿತು. ಕೆಲವು ವಾರ ನಾನು ನಿಜಕ್ಕೂ ನೆಮ್ಮದಿಯಲ್ಲಿದ್ದೆ.

ಬೆಳಿಗ್ಗೆ ತೋಟದಿಂದ ಬರುವ ನಾನು ಹೇಗಿರುತ್ತೇನೆ ಎಂದರೆ, ಗಂಡನ ಹಳೆಯ ಅಂಗಿ, ಅದರ ತುಂಬ ಒಣಗಿದ ಹಾಲಿನ ಕಲೆ, ತಲೆಗೆ ಬಿಗಿದ ಬಟ್ಟೆ. ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟ್ ಮಾಡುವ ಕೈ ನನ್ನದು, ಆ ನಾತ ಎಷ್ಟು ಸಾಬೂನು ಹಾಕಿದರೂ ಹೋಗುವುದಿಲ್ಲ. ಮೊದಲೆಲ್ಲ ಅವಳು ಆ ನಾತಕ್ಕೇ ಮುಖ ಒತ್ತಿ ಅಪ್ಪಿಕೊಳ್ಳುತ್ತಿದ್ದಳು. ಒಂದು ದಿನ ನಾನು ಎತ್ತಿಕೊಳ್ಳಲು ಬಾಗಿದಾಗ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಟ್ಯಾಬಿನ ಅಮ್ಮನಿಗೆ ವಾಸನೆ ಇಲ್ಲ ಎಂದಳು. ಗಂಡ ಗಹಗಹಿಸಿ ನಕ್ಕ. ನಾನೂ ನಗುವ ಹಾಗೆ ಮಾಡಿದೆ. ಹಿತ್ತಿಲಿಗೆ ಹೋಗಿ ಕೈಗಳನ್ನು ಕೆಂಪಾಗುವವರೆಗೆ ತಿಕ್ಕಿದೆ.

ಅದೇ ಸಮಯಕ್ಕೆ ರಾಮಕುಂಜದ ಕಡೆಯ ಒಂದು ಶಾಲೆಯಲ್ಲಿ, ಮಕ್ಕಳ ಕೈಗೆ ಟ್ಯಾಬ್ ಯಾವಾಗ ಎಂದು ಹೆತ್ತವರಿಗೆ ಒಂದು ಭಾಷಣ ಇತ್ತು. ಮಾತಾಡಿದ ಮೇಡಂ ಪರದೆಯ ಮೇಲೆ ಚಿತ್ರ ತೋರಿಸಿ ತೋರಿಸಿ, ಮಕ್ಕಳಿಗೆ ಪರದೆ ತೋರಿಸಬಾರದು ಎಂದರು. ಕೇಳುತ್ತಿದ್ದ ಅಮ್ಮಂದಿರ ಮಡಿಲಲ್ಲಿ ಮಕ್ಕಳು ಗಲಾಟೆ ಮಾಡದ ಹಾಗೆ ಮೊಬೈಲ್ ನೋಡುತ್ತಿದ್ದವು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ನಾನು ಎದ್ದು ನಿಂತು, ಬೆಳಗಾಗುವ ಮೊದಲೇ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಎಂತ ಮಾಡುವುದು ಎಂದು ಕೇಳಿದೆ. ಅವರು ಪಾಪ ಒಳ್ಳೆಯವರೇ. ಇರುವಷ್ಟು ಹೊತ್ತು ಮಗುವಿನ ಜೊತೆ ಪೂರ್ತಿಯಾಗಿ ಇರಿ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಇರುವಷ್ಟು ಹೊತ್ತು ನಾನು ಪೂರ್ತಿ ನಿದ್ದೆಗಣ್ಣಿನಲ್ಲಿರುತ್ತೇನೆ ಎಂದು ಹೇಳಬೇಕೆನಿಸಿತು. ಆ ಊರಿನ ಸಭೆಗಳಿಗೆ ಆಮೇಲೆ ನಾನು ಹೋಗಲಿಲ್ಲ.

ಎಲೆಗಳು ಕೆಂಪಾಗಿ ಉದುರಿ ತೋಟ ಬೋಳಾಯಿತು. ಕತ್ತಿಗೆ ಎಣ್ಣೆ ಸವರಿ, ಚಿಪ್ಪುಗಳನ್ನು ಕವುಚಿ ಹಾಕಿ, ಮರಗಳಿಗೆ ರಜೆ ಕೊಟ್ಟೆವು. ಮಾತಿನಂತೆ ಟ್ಯಾಬನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ. ಆ ರಾತ್ರಿ ನಾನು ಹಬ್ಬದ ಹಿಂದಿನ ದಿನದ ಮಕ್ಕಳ ಹಾಗೆ ಮಲಗಿದೆ. ನಾಳೆಯಿಂದ ಬೆಳಗಾಗುವಾಗ ಅವಳ ಪಕ್ಕದಲ್ಲಿ ನಾನು.

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ದಿಂಬಿನ ಬಳಿ ಕೈಯಾಡಿಸಿದಳು. ದಿಂಬು ಎತ್ತಿ ನೋಡಿದಳು. ಆಮೇಲೆ ಅಳಲು ಶುರು ಮಾಡಿದವಳು ನಿಲ್ಲಿಸಲಿಲ್ಲ. ಅಮ್ಮ ಬೇಕು ಎಂದೇ ಅತ್ತಳು, ನನ್ನ ಮಡಿಲಲ್ಲಿ ಕೂತು, ನನ್ನ ಕೈಯನ್ನೇ ದೂಡುತ್ತಾ. ಅದೇ ಹಸಿರು ಸೀರೆ ಉಟ್ಟು ಬಂದು ಮೊಲದ ಕಥೆ ಹೇಳಿದೆ. ಕಥೆಯಲ್ಲಿ ಎಲ್ಲೋ ಒಂದು ಮಾತು ಬದಲಾಯಿತಂತೆ. ಹಾಗಲ್ಲ, ಹಾಗಲ್ಲ ಎಂದು ಇನ್ನೂ ಜೋರಾಗಿ ಕಿರುಚಿದಳು. ಎರಡು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡೆವು. ವಾರ ಕಳೆಯಿತು. ಊಟ ಬಿಟ್ಟಳು, ಜ್ವರ ಬಂತು. ಹಸಿವಾದರೆ ತಾನಾಗಿ ತಿನ್ನುತ್ತದೆ ಎಂದು ಊರಿಗೆಲ್ಲ ಹೇಳಿದವಳು ನಾನು. ನನ್ನ ಮಗಳು ತಿನ್ನಲಿಲ್ಲ.

ಗಂಡ ಏಣಿ ಇಟ್ಟು ಅಟ್ಟದಿಂದ ಟ್ಯಾಬ್ ಇಳಿಸಿದ. ನಾನು ತಡೆಯಲಿಲ್ಲ. ಆ ವಿಡಿಯೊವನ್ನಾದರೂ ಅಳಿಸಿಬಿಡುತ್ತೇನೆ ಎಂದು ಅವನ ಕೈಯಿಂದ ಕಸಿದುಕೊಂಡೆ. ಅಳಿಸಲೇ ಎಂದು ಟ್ಯಾಬ್ ಕೇಳಿತು. ಗಂಡ ಮೆಲ್ಲಗೆ ಹೇಳಿದ.

"ಬೇಡ ಮಾರಾಯ್ತಿ. ಚಿಗುರು ಬಲಿತ ಮೇಲೆ ಮತ್ತೆ ಕತ್ತಿ ಹಿಡಿಯುದು ಉಂಟಲ್ಲ. ಆಗ ಅವಳ ಹತ್ತಿರ ಯಾರು ಇರುದು?"

ಅವನು ಹೇಳಿದ್ದು ಸರಿ. ಬೇರೆ ದಾರಿ ಕಂಡೀತು ಎಂದುಕೊಂಡಿದ್ದೆನಲ್ಲ, ಯಾವ ದಾರಿಯೂ ಕಂಡಿರಲಿಲ್ಲ. ಕೆಳಗೆ ಲಾರಿಗಳು ಹಾಗೇ ಓಡುತ್ತಿದ್ದವು. ನಾನು ಟ್ಯಾಬನ್ನು ಚಾರ್ಜಿಗೆ ಹಾಕಿದೆ.

ಈಗಲೂ ಪಕ್ಕದ ಮನೆಗಳ ಹೊಸ ತಾಯಂದಿರು ಬಂದು, ಅಕ್ಕ, ನೀವು ಓದಿದವರು, ಎಷ್ಟು ವರ್ಷಕ್ಕೆ ಕೊಡಬಹುದು ಎಂದು ಕೇಳುತ್ತಾರೆ. ಚಹಾ ಕೊಟ್ಟು ಕಳಿಸುತ್ತೇನೆ.

ಟ್ಯಾಬ್ ಇಳಿಸಿದ ಮರುದಿನ ಬೆಳಿಗ್ಗೆ ನಾನು ಅವಳಿಗಿಂತ ಮೊದಲೇ ಎದ್ದು, ಅವಳ ಕಡೆ ತಿರುಗಿ ಕಾಯುತ್ತಾ ಮಲಗಿದ್ದೆ. ಜ್ವರ ಬಿಟ್ಟಿತ್ತು. ಅವಳು ಕಣ್ಣು ಬಿಟ್ಟಳು. ನಾನು ಅವಳ ಕೂದಲು ಸರಿಸಿ, "ಎದ್ದೆಯಾ ಮಗಾ?" ಎಂದೆ. ಅವಳು ನನ್ನ ಮೈಮೇಲಿಂದ ಕೈ ಚಾಚಿ ಟ್ಯಾಬ್ ಎಳೆದುಕೊಂಡು ನನ್ನ ಚಿತ್ರವನ್ನು ಒತ್ತಿದಳು. ಹಸಿರು ಸೀರೆಯವಳು ನಗುತ್ತಾ ಬಂದು, ಎದ್ದೆಯಾ ಮಗಾ, ಚೆನ್ನಾಗಿ ನಿದ್ದೆ ಬಂತಾ ಎಂದು ಕೇಳಿದಳು. ಹೂಂ ಎಂದಳು ನನ್ನ ಮಗಳು. ನಾನು ಮತ್ತೆ ಏನೋ ಹೇಳಲು ಹೋದೆ. ಅವಳು ತಿರುಗದೆ, ಪುಟ್ಟ ಕೈಯನ್ನು ನನ್ನ ಬಾಯಿಯ ಮೇಲೆ ಇಟ್ಟಳು.

"ಸ್ವಲ್ಪ ಸುಮ್ಮನಿರು. ಅಮ್ಮ ಮಾತಾಡ್ತಾ ಇದ್ದಾಳೆ."