ಅಪ್ಪನ ಕಲ್ಲುಸಕ್ಕರೆ

ಅಪ್ಪನಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾದ ವರ್ಷವೇ ಅವನು ಮನೆಯಲ್ಲಿ ಕಲ್ಲುಸಕ್ಕರೆ ಮಾಡಲು ಶುರುಮಾಡಿದ. ಬೆಟಗೇರಿಯ ನಮ್ಮ ಓಣಿಯಲ್ಲಿ ಅದನ್ನು ಕೇಳಿ ನಗದವರಿಲ್ಲ. ಮೊಣಕಾಲು ನೋವಿನಿಂದ ಅವನು ಮಗ್ಗಕ್ಕೆ ಕೂರುವುದು ನಿಂತುಹೋಗಿತ್ತು. ಜೀವಮಾನವಿಡೀ ಸೀರೆ ನೇಯ್ದ ಕೈಗಳು ಸುಮ್ಮನಿರಲು ಒಲ್ಲೆನ್ನುತ್ತಿದ್ದವು.

ಒಂದು ದಿನ ಅವ್ವ ಪೂಜೆಗೆಂದು ತರಿಸಿದ್ದ ಕಲ್ಲುಸಕ್ಕರೆಯ ಗಡ್ಡೆಯನ್ನು ಒಡೆಯುತ್ತಿದ್ದಾಗ ಒಳಗಿಂದ ದಾರದ ಎಳೆ ಹೊರಬಂತು. ಎಲ್ಲರೂ ಕಿತ್ತು ಬಿಸಾಡುವ ಎಳೆ ಅದು. ಅಪ್ಪ ಮಾತ್ರ ಅದನ್ನು ಬೆರಳಲ್ಲಿ ಹೊಸೆದು ನೋಡಿ, ಲಕ್ಷ್ಮೇಶ್ವರದಲ್ಲಿದ್ದ ನನಗೆ ಫೋನ್ ಮಾಡಿದ.

“ಯವ್ವಾ, ಕಲ್ಲುಸಕ್ರ್ಯಾಗ ದಾರ ಯಾಕ ಹಾಕ್ತಾರ? ನೀ ಸೈನ್ಸ್ ಕಲ್ತಾಕಿ, ಹೇಳು.”

ಗೊತ್ತಿದ್ದಷ್ಟು ಹೇಳಿದೆ. ಬಿಸಿನೀರು ತಣ್ಣೀರಿಗಿಂತ ಹೆಚ್ಚು ಸಕ್ಕರೆ ಕರಗಿಸಿಕೊಳ್ಳುತ್ತದೆ. ಆರಿದ ಮೇಲೆ ಅಷ್ಟನ್ನೂ ಹಿಡಿದಿಟ್ಟುಕೊಳ್ಳಲಾರದು. ಹೆಚ್ಚಾದ ಸಕ್ಕರೆ ಯಾವುದಕ್ಕಾದರೂ ಅಂಟಿಕೊಂಡು ಹರಳಾಗುತ್ತದೆ.

“ಅಂದ್ರ ಅದಕ್ಕೂ ಕುಂಡ್ರಾಕ ಜಾಗಾ ಬೇಕು. ಆತು,” ಎಂದು ಫೋನ್ ಇಟ್ಟ.

ಆ ವಾರವೇ ಸಕ್ಕರೆ ಪಾಕ ಕಾಸಿ, ಗಾಜಿನ ಲೋಟಕ್ಕೆ ಸುರಿದು, ಕಡ್ಡಿಗೆ ಕಟ್ಟಿದ ರೇಷ್ಮೆ ಎಳೆಯನ್ನು ಇಳಿಬಿಟ್ಟ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ನೂಲೇ ಬೇಕೆಂಬುದು ಅವನ ಲೆಕ್ಕ. ಆದರೆ ನುಣುಪಾದ ಎಳೆಗೆ ಏನೂ ಹತ್ತಲಿಲ್ಲ. ಸಕ್ಕರೆಯೆಲ್ಲ ತಳದಲ್ಲಿ ಗಟ್ಟಿಯಾಗಿ ಕೂತಿತು. ಆಮೇಲೆ ಒರಟು ಹತ್ತಿಯ ದಾರ ತೆಗೆದುಕೊಂಡ. ನಾನು ಹೇಳಿದಂತೆ ಅದನ್ನು ಪಾಕದಲ್ಲಿ ಅದ್ದಿ, ಸಕ್ಕರೆ ಕಾಳಿನಲ್ಲಿ ಹೊರಳಿಸಿ ಒಣಗಿಸಿದ. ಆ ಕಾಳುಗಳ ಮೇಲೆಯೇ ಹೊಸ ಹರಳು ಕೂರಬೇಕು. ಕೂತವು ಕೂಡ, ಆದರೆ ರವೆಯಷ್ಟು ಸಣ್ಣವು. ತಡೆಯಲಾರದೆ ದಿನಾ ದಾರ ಎತ್ತಿ ನೋಡುತ್ತಿದ್ದನಂತೆ.

“ಅಲ್ಲಾಡಿಸಬ್ಯಾಡಪ್ಪಾ, ಸಾವಕಾಶ ಬೆಳದ್ರ ದೊಡ್ಡವು ಆಗ್ತಾವು,” ಎಂದೆ.

ಮೂರನೆಯ ಸಲ ಲೋಟವನ್ನು ಸುಮ್ಮನೆ ನಿಂತಿದ್ದ ಮಗ್ಗದ ಪಕ್ಕದಲ್ಲಿಟ್ಟು, ತೆಳುಬಟ್ಟೆ ಮುಚ್ಚಿ, ತಾನೂ ಮುಟ್ಟದೆ ಕಾದ. ನಾನು ತವರಿಗೆ ಹೋದಾಗ ಅವ್ವ ಕೈಹಿಡಿದು ಅಲ್ಲಿಗೇ ಎಳೆದೊಯ್ದಳು.

“ನೋಡಿಲ್ಲೆ, ಪಾಕ ಎಷ್ಟು ಕೆಳಗ ಹೋಗೇತಿ! ನಿಮ್ಮಪ್ಪ ಕದ್ದು ಕುಡ್ಯಾಕತ್ತಾರ.”

“ತಿನ್ನಬೇಕಂದ್ರ ಅಂಗಡ್ಯಾಗ ಸಿಗತೈತಿ,” ಎಂದ ಅಪ್ಪ ಕುರ್ಚಿಯಿಂದಲೇ. “ಅದು ಬೆಳ್ಯೂದನ್ನ ನೋಡಾಕತ್ತೀನಿ ನಾ.”

ನೀರು ಬಟ್ಟೆಯ ಸಂದಿಯಿಂದ ಆವಿಯಾಗಿ ಹೋಗುತ್ತದೆ, ಅದಕ್ಕೇ ಮಟ್ಟ ಇಳಿಯುತ್ತದೆ ಎಂದು ನಾನು ಹೇಳಿದರೂ ಅವ್ವ ನಂಬಲಿಲ್ಲ. ಮರುದಿನವೇ ಅಪ್ಪನ ರಕ್ತ ತಪಾಸಣೆ ಮಾಡಿಸಿದಳು. ಶುಗರ್ ಹಿಂದಿನ ಸಲಕ್ಕಿಂತ ಕಡಿಮೆಯಾಗಿತ್ತು. ಅವ್ವ ಮನೆಗೆ ಬಂದವಳೇ ಇರುವೆ ಹತ್ತದಿರಲೆಂದು ಲೋಟವನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟಳು.

ಹೋಳಿಗೆಯ ಮೇಲೆ ಮತ್ತೆ ಸಕ್ಕರೆ ಸುರಿದುಕೊಳ್ಳುತ್ತಿದ್ದ ಮನುಷ್ಯ ಅವನು. ಅಂಥವನು ದಿನಾ ಆ ಸಿಹಿಯ ಎದುರು ಕೂರುತ್ತಿದ್ದ, ಪಾಕ ಕಾಸುವಾಗ ಅಂಟಿದ ಬೆರಳನ್ನೂ ನೆಕ್ಕದೆ ತೊಳೆದುಕೊಳ್ಳುತ್ತಿದ್ದ. ನನ್ನಿಂದ ಆಗುತ್ತಿರಲಿಲ್ಲ.

ದಾರ ಹೊರತೆಗೆದ ದಿನ ನಾನೂ ಅಲ್ಲಿದ್ದೆ. ಹೆಬ್ಬೆರಳಿನಷ್ಟು ದಪ್ಪ ಹರಳುಗಳು, ಕೆತ್ತಿದಂತೆ ನುಣುಪಾದ ಮೈ, ಚೂಪು ಅಂಚು. ಯಾರೂ ಕೆತ್ತಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಒಂದೇ ಕ್ರಮದಲ್ಲಿ ಪದರ ಪದರವಾಗಿ ಕೂತು ಆ ಆಕಾರ ಬರುತ್ತದೆ ಎಂದೆ. ಅಪ್ಪ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಒಂದ ಎಳಿನೂ ತಪ್ಪಿಲ್ಲ ನೋಡು,” ಎಂದ.

ಎಲ್ಲಕ್ಕಿಂತ ದೊಡ್ಡ ಹರಳನ್ನು ಬಿಡಿಸಿ ಅವ್ವನ ಅಂಗೈಯಲ್ಲಿಟ್ಟ. ಅವಳು ಬಾಯಿಗೆ ಹಾಕಿಕೊಂಡಳು. ಅಪ್ಪ ಅವಳ ಮುಖವನ್ನೇ ನೋಡುತ್ತ ಕೇಳಿದ:

“ಹೆಂಗೈತಿ?”

ಅವ್ವ ಉಬ್ಬಿದ ಕೆನ್ನೆಯಲ್ಲೇ, ಅವನ ಕಣ್ಣು ತಪ್ಪಿಸಿ ಹೇಳಿದಳು:

“ಅಂಥಾ ರುಚಿ ಏನಿಲ್ಲ ಬಿಡ್ರಿ.”