ಓಲೆಯ ಚಿನ್ನದ ಹಲ್ಲು

ಹೋದ ವಾರ ದವಡೆ ಹಲ್ಲು ನೋಯುತ್ತಿದೆಯೆಂದು ಹೊಸ ಡಾಕ್ಟರ ಹತ್ತಿರ ಹೋಗಿದ್ದೆ. ಬಾಗಿಲು ತೆರೆದದ್ದೇ ಲವಂಗದೆಣ್ಣೆಯ ವಾಸನೆ ಬಂತು. ನಾನು ಬೆಳೆದ ಒಂಟಿಕೊಪ್ಪಲಿನ ಒಂದು ಮುಂಗೋಣೆ ನೆನಪಾಯಿತು, ಅಷ್ಟೇ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಮ್ಮ ಬೀದಿಯ ತುದಿಯಲ್ಲಿ ಒಬ್ಬರು ಹಲ್ಲಿನ ಡಾಕ್ಟರಿದ್ದರು. ಹಳ್ಳಿಯ ಒಕ್ಕಲು ಮನೆತನದವರು, ಓದಿ ಮೇಲೆ ಬಂದವರು, ಮನೆಯ ಮುಂಗೋಣೆಯಲ್ಲೇ ಕುರ್ಚಿ ಹಾಕಿಕೊಂಡಿದ್ದರು. ನಮ್ಮದು ಅರಮನೆಯ ಸೇವೆಯಲ್ಲಿದ್ದ ಮನೆ, ಮಡಿ ಮೈಲಿಗೆ ಬಿಗಿ. ಆದರೂ ನನ್ನ ದವಡೆ ಹಲ್ಲು ಹುಳುಕಾಗಿ ಒಡೆದಾಗ ಅಮ್ಮ ಅವರಲ್ಲಿಗೇ ಕರೆದೊಯ್ದಳು. ಹಲ್ಲುನೋವು ಮಡಿ ನೋಡುವುದಿಲ್ಲವಲ್ಲ.

ನನ್ನದೇ ಮುರಿದ ಓಲೆಯ ಚಿನ್ನ ಕರಗಿಸಿ ಅವರು ಹಲ್ಲಿಗೊಂದು ಕ್ಯಾಪ್ ಮಾಡಿದರು. ಅದನ್ನು ಅಂಟಿಸುವಾಗ ಅವರ ನೇಮ ನೋಡಬೇಕಿತ್ತು. ಗಾಜಿನ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ತಣ್ಣಗೆ ಮಾಡಿ, ಚೆನ್ನಾಗಿ ಒರೆಸಿ, ಸಿಮೆಂಟಿನ ಪುಡಿಯನ್ನು ದ್ರವಕ್ಕೆ ಚಿಟಿಕೆ ಚಿಟಿಕೆಯಾಗಿ ಕಲೆಸುತ್ತಿದ್ದರು. ಹಲಗೆ ಬೆಚ್ಚಗಿದ್ದರೆ, ಪುಡಿ ಒಮ್ಮೆಲೇ ಬಿದ್ದರೆ, ಬೇಗ ಗಟ್ಟಿಯಾಗಿ ಹಿಡಿತ ಹೋಗುತ್ತಂತೆ. ಕೊನೆಗೆ ಹಲ್ಲಿನ ಸುತ್ತ ಹತ್ತಿಯಿಟ್ಟು ಒಣಗಿಸಿ, ಕ್ಯಾಪ್ ಒತ್ತಿ, "ಒದ್ದೆ ಆದ್ರೆ ಹಿಡಿಯಲ್ಲ ಕಣಮ್ಮ. ಒಂದು ಗಂಟೆ ಬಾಯಿಗೆ ನೀರು ಹಾಕ್ಬೇಡ," ಎಂದರು.

ಮೂಲೆಯ ಬೀದಿ ನಲ್ಲಿಯ ಹತ್ತಿರ ಬಂದದ್ದೇ ಅಮ್ಮ ನಿಂತಳು. "ಕಂಡವರ ಕೈ ಬಾಯೊಳಗೆ ಹೋಗಿದೆ. ಹತ್ತಿ ಉಗಿದು ಮುಕ್ಕಳಿಸು."

ಮುಕ್ಕಳಿಸಿದೆ. ಒಂದು ಸಲವಲ್ಲ, ಐದಾರು ಸಲ...

ಹದಿನೈದು ದಿನಕ್ಕೆ ಕ್ಯಾಪ್ ಕಳಚಿ ಕೈಗೆ ಬಂತು. ಪುಡಿ ಹಳೆಯದಾಗಿರಬೇಕೆಂದು ಡಾಕ್ಟರು ಡಬ್ಬಿಯನ್ನೇ ಎಸೆದು ಹೊಸದು ತರಿಸಿದರು. ಮತ್ತೆ ಅಂಟಿಸಿದರು, ಮತ್ತೆ ನಲ್ಲಿ, ಮತ್ತೆ ಕಳಚಿತು.

"ನೀರೇನಾದ್ರೂ ಹಾಕಿದ್ಯೇನಮ್ಮ?" ಎಂದು ಕೇಳಿದರು.

ಹೌದೆಂದರೆ ಯಾಕೆಂದು ಕೇಳುತ್ತಿದ್ದರು. ನಿಮ್ಮ ಕೈ ನಮಗೆ ಮೈಲಿಗೆ ಎಂದು ಅವರ ಮುಖಕ್ಕೇ ಹೇಳಬೇಕಾಗುತ್ತಿತ್ತು. "ಇಲ್ಲ," ಎಂದೆ. ಅಮ್ಮ ಸೆರಗು ಸರಿಮಾಡಿಕೊಂಡಳು.

ಅವರು ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಹಂಗಾದ್ರೆ ಕೈಯೇ ಸರಿಯಿಲ್ಲ ಬುಡಿ ಅಮ್ಮಾವ್ರೆ. ಈ ಬೀದೀಲಿ ಯಾರಿಗೆ ಹಾಕಿದ್ರೂ ನಿಲ್ತಿಲ್ಲ. ಇದೊಂದು ಹಾಕ್ಕೊಟ್ಟು ಊರಿಗೆ ಹೋಗ್ಬುಡ್ತೀನಿ, ಹೊಲ ಐತೆ."

ನಮ್ಮ ಬೀದಿಯ ಇನ್ನೆಷ್ಟು ಬಾಯಿಗಳು ಆ ನಲ್ಲಿಯಲ್ಲಿ ತೊಳೆದುಕೊಂಡಿದ್ದವೋ...

ಮೂರನೆಯ ಸಲ ಅಂಟಿಸಿಕೊಳ್ಳಲು ನಾನೊಬ್ಬಳೇ ಹೋದೆ. ವಾಪಸ್ಸು ಬರುವಾಗ ನಲ್ಲಿಯನ್ನು ದಾಟಿಕೊಂಡು ನಡೆದೆ, ಸಂಜೆಯವರೆಗೆ ನೀರು ಮುಟ್ಟಲಿಲ್ಲ. ತಿಂಗಳಾದರೂ ಕ್ಯಾಪ್ ಅಲುಗಲಿಲ್ಲ. ತಪ್ಪು ನಿಮ್ಮ ಕೈಯದಲ್ಲ ಎಂದು ಹೋಗಿ ಹೇಳಬೇಕೆಂದುಕೊಂಡೆ. ಇವತ್ತು, ನಾಳೆ ಎನ್ನುವಷ್ಟರಲ್ಲಿ ಮುಂಗೋಣೆಗೆ ಬೀಗ ಬಿದ್ದಿತ್ತು. ಅವರ ಊರು ಯಾವುದೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಹೊಸ ಡಾಕ್ಟರು ಚಿಕ್ಕ ವಯಸ್ಸಿನವಳು. ಇಂಜೆಕ್ಷನ್ ಕೊಟ್ಟು, ನೋಯುತ್ತಿದ್ದ ಹಲ್ಲಿನ ಮೇಲಿನ ಆ ಹಳೆಯ ಕ್ಯಾಪ್ ತೆಗೆಯಲು ಅರ್ಧ ಗಂಟೆ ಒದ್ದಾಡಿದಳು. "ಯಾರು ಅಜ್ಜಿ ಇದನ್ನ ಹಾಕಿದ್ದು? ಎಂಥಾ ಕೈ ಅವರದು," ಎಂದಳು.

ಆ ಮಾತು ಅವರ ಕಿವಿಗೆ ಬೀಳಬೇಕಿತ್ತು. ಅವರು ಈಗ ಇರಲಾರರು.

"ಮುಕ್ಕಳಿಸಿ ಅಜ್ಜಿ," ಎಂದು ಅವಳು ನೀರಿನ ಲೋಟ ಕೊಟ್ಟಳು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ.