ಪ್ಲಾಸ್ಟಿಕ್ಕಿನೊಳಗಿನ ಅರ್ಧ ಡಿಗ್ರಿ

ಪುತ್ತಬ್ಬನವರ ಮನೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಹೋಗದೆ ಉಳಿದ ಕಾಗದವೆಂದರೆ ಗೋಡೆಯ ಕ್ಯಾಲೆಂಡರ್ ಒಂದೇ. ತಿಂಗಳು ತಿಂಗಳು ಹಾಳೆ ಹರಿಯಬೇಕಾದ್ದರಿಂದ ಅದೊಂದು ಬಚಾವಾಗಿತ್ತು. ಮಕ್ಕಳ ಚುಚ್ಚುಮದ್ದಿನ ಕಾರ್ಡು, ಫ್ರಿಜ್ಜಿನ ವಾರಂಟಿ, ಮಗಳು ಆಯಿಶತ್ ನಿಶಾ ಒಂದನೇ ಕ್ಲಾಸಿನಲ್ಲಿ ಲಿಂಬೆ-ಚಮಚ ಓಟ ಗೆದ್ದ ಚೀಟಿ, ಎಲ್ಲವೂ ಕುವೈತಿನ ಫಹಾಹೀಲ್‌ನ ಒಂದೇ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಆಗಿ ನೀಲಿ ಫೈಲೊಂದರಲ್ಲಿ ಕೂತಿದ್ದವು. ಊರಿನಲ್ಲಿ ಅವರ ತಂದೆಯ ಜಾಗದ ಕಾಗದಗಳನ್ನು ಗೆದ್ದಲು ತಿಂದು ಹಾಕಿತ್ತಂತೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಪುತ್ತಬ್ಬನವರಿಗೆ ಆ ಬುದ್ಧಿ ಸ್ವಲ್ಪ ಜಾಸ್ತಿಯೇ ಬಂದುಬಿಟ್ಟಿತ್ತು.

ಹಾಗಾಗಿ ಹತ್ತು ವರ್ಷದ ಹಿಂದೆ ನಿಶಾ ಕುವೈತಿನದೇ ಒಂದು ಖಾಸಗಿ ಕಾಲೇಜಿನಲ್ಲಿ ಅಸೋಸಿಯೇಟ್ ಡಿಗ್ರಿ ಮುಗಿಸಿದಾಗ ಆದದ್ದೂ ಅದೇ. ನಾಲ್ಕು ವರ್ಷದ ಪದವಿಯ ಮೊದಲ ಎರಡು ವರ್ಷಕ್ಕೆ ಕೊಡುವ ಸರ್ಟಿಫಿಕೇಟ್ ಅದು. ಅವಳು ಮನೆಗೆ ತಂದದ್ದು ಮಧ್ಯಾಹ್ನ, ಸಂಜೆಯ ಚಹಾಕ್ಕೆ ಮುಂಚೆ ಅದು ಪ್ಲಾಸ್ಟಿಕ್ಕಿನ ಒಳಗಿತ್ತು. ಜೊತೆಗೆ ಪುತ್ತಬ್ಬನವರು ತಮ್ಮ ಏಳನೇ ಕ್ಲಾಸಿನ ಸರ್ಟಿಫಿಕೇಟನ್ನೂ ಕೊಂಡೊಯ್ದಿದ್ದರು. ಅವರ ಬದುಕಿನಲ್ಲಿ ಶಾಲೆ ಅಂತ ಒಂದಿತ್ತು ಎನ್ನುವುದಕ್ಕೆ ಇದ್ದ ಸಾಕ್ಷಿ ಅದೊಂದೇ. ಅಪ್ಪ ಮಗಳ ವಿದ್ಯೆ ಒಂದೇ ದಿನ, ಒಂದೇ ಮಿಶನ್ನಿನಲ್ಲಿ ಹಾದುಬಂತು.

ಉಳಿದ ಎರಡು ವರ್ಷ ಓದುವುದೆಂದೇ ನಿಶಾ ಅಂದುಕೊಂಡಿದ್ದಳು. ಅಷ್ಟರಲ್ಲಿ ಝಹೀರ್‌ನೊಂದಿಗೆ ನಿಕಾಹ್ ಆಯಿತು, ಎರಡು ಮಕ್ಕಳಾದವು, ಜಾಬ್ರಿಯಾದ ಆಸ್ಪತ್ರೆಯೊಂದರ ರೆಕಾರ್ಡ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಹತ್ತು ಕ್ಯಾಲೆಂಡರ್ ಹರಿದವು. ಎಂತಹ ಫೈಲನ್ನೂ ಎರಡು ನಿಮಿಷದಲ್ಲಿ ಹುಡುಕಿ ಕೊಡುತ್ತಿದ್ದಳು. ಹೊಸಬರು ಬಂದರೆ ಕೆಲಸ ಕಲಿಸುತ್ತಿದ್ದಳು. ಕಲಿತವರು ಅವಳನ್ನು ದಾಟಿ ಮೇಲಿನ ಕುರ್ಚಿಗೆ ಹೋಗುತ್ತಿದ್ದರು, ಅವರಲ್ಲಿ ಪದವಿ ಇತ್ತು. ಕೊನೆಗೆ ಹಾಗೆ ಹೋದವಳು ಶಿರ್ವದ ಮರೀನಾ. ಸೂಪರ್‌ವೈಸರ್ ಆದ ಮೊದಲ ದಿನವೇ ಅವಳು ನಿಶಾಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು.

"ನೋಡು ನಿಶಾ, ಈ ಕುರ್ಚಿಯಲ್ಲಿ ಕೂತ್ಕೊಳ್ಳಿಕ್ಕೆ ನಂಗೆ ನಾಚಿಕೆ ಆಗ್ತದೆ. ಕೆಲಸ ಕಲಿಸಿದ್ದು ನೀನು. ನಾನು ಬರುವ ವರ್ಷ ಗಂಡನೊಟ್ಟಿಗೆ ಕೆನಡಾಕ್ಕೆ ಹೋಗುವವಳು. ಅಷ್ಟರಲ್ಲಿ ನೀನು ಡಿಗ್ರಿಗೆ ಸೇರಿರಬೇಕು. ಓದ್ತಾ ಇದ್ದಿ ಅಂತ ಕಾಗದ ಇದ್ರೂ ಸಾಕು, ಈ ಕುರ್ಚಿಗೆ ನಿನ್ನ ಹೆಸರು ಬರೆದುಕೊಡ್ತೇನೆ."

ವಿಶ್ವವಿದ್ಯಾಲಯದವರು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೇ ಹೇಳಿದರು. ಹಳೆಯ ಕ್ರೆಡಿಟ್‌ಗಳನ್ನು ಲೆಕ್ಕಕ್ಕೆ ಹಿಡಿದು ನೇರ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳಬಹುದು. ಆದರೆ ಹತ್ತು ವರ್ಷ ದಾಟಿದ ಓದು ಅವರಲ್ಲಿ ನಡೆಯುವುದಿಲ್ಲ, ನಿಶಾಳಿಗೆ ಇದೇ ಕೊನೆಯ ಸೆಮಿಸ್ಟರ್. ಸರ್ಟಿಫಿಕೇಟಿನ ಹಿಂಬದಿಗೆ ಸರಕಾರಿ ಮುದ್ರೆ ಹಾಕಿಸಿ ಮುಂದಿನ ವಾರದ ಗುರುವಾರದೊಳಗೆ ತರಬೇಕು. ತಪ್ಪಿದರೆ ಮೊದಲ ವರ್ಷದಿಂದ ಶುರು. ಕೆಲಸ, ಮಕ್ಕಳು, ಮನೆ ಕಟ್ಟಿಕೊಂಡು ನಾಲ್ಕು ವರ್ಷ ಓದುವುದು ತನ್ನಿಂದಾಗದು ಎಂಬುದು ನಿಶಾಳಿಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಮುದ್ರೆಯ ಕಚೇರಿಯ ಸಾಲಿನಲ್ಲಿ ನಿಂತಳು. ಕೌಂಟರಿನ ಹೆಂಗಸು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ, ಉಗುರಿನಿಂದ ಟಕಟಕ ಬಡಿದಳು. "ಮುದ್ರೆ ಕಾಗದದ ಮೇಲೆ ಬೀಳಬೇಕು, ಪ್ಲಾಸ್ಟಿಕ್ ಮೇಲಲ್ಲ. ಬೇರೆ ಪ್ರತಿ ತಾ" ಎಂದು ಅರಬ್ಬಿಯಲ್ಲಿ ಹೇಳಿ ಮುಂದಿನವರನ್ನು ಕರೆದಳು. ಬೇರೆ ಪ್ರತಿ ಕೊಡಲು ಆ ಕಾಲೇಜೇ ಈಗಿಲ್ಲ. ಅದರ ದಾಖಲೆಗಳು ಇನ್ನೊಂದು ಸಂಸ್ಥೆಯ ಗೋದಾಮಿನಲ್ಲಿವೆ, ಹುಡುಕಿ ಕೊಡಲು ಎರಡು ತಿಂಗಳು ಬೇಕು ಎಂದು ಫೋನಿನಲ್ಲಿ ಹೇಳಿದರು. ದಿನವಿಡೀ ಬೇರೆಯವರ ಫೈಲು ಹುಡುಕುವವಳ ಸ್ವಂತ ಫೈಲಿನ ಗತಿ ಇದು.

ಮನೆಗೆ ಬಂದು ಅತ್ತಳು. ಅಪ್ಪನ ಮೇಲೆ ಕೋಪವೂ ಬಂತು, ಕೋಪ ಬಂದದ್ದಕ್ಕೆ ತನ್ನ ಮೇಲೆಯೇ ಬೇಸರವೂ ಬಂತು. ಅಂದು ಅವರು ಎಷ್ಟು ಖುಷಿಯಿಂದ ಅಂಗಡಿಗೆ ಹೋಗಿದ್ದರೆಂಬುದು ಅವಳ ಕಣ್ಣಿಗೆ ಕಟ್ಟಿದಂತಿತ್ತು. "ಉಪ್ಪನಿಗೆ ಮಾತ್ರ ಹೇಳ್ಬೇಡಿ" ಎಂದು ಝಹೀರ್‌ಗೆ ಹೇಳಿ, ಸರ್ಟಿಫಿಕೇಟನ್ನು ಅಪ್ಪನ ಮನೆಯಿಂದ ತಂದಿದ್ದ ನೀಲಿ ಫೈಲಿಗೆ ಸೇರಿಸಿ ಅವನ ಕೈಯಲ್ಲೇ ಹಿಂದೆ ಕಳಿಸಿದಳು.

ಝಹೀರ್ ಒಳ್ಳೆಯವನೇ. ಆದರೆ ಅವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಫೈಲು ಕೊಡಲು ಹೋದವನು ಮಾವನ ಮುಂದೆ ಎಲ್ಲವನ್ನೂ ಒದರಿ ಬಂದ. ಆ ರಾತ್ರಿಯೇ ಪುತ್ತಬ್ಬನವರ ಫೋನ್ ಬಂತು. ಕ್ಷಮೆ ಕೇಳುತ್ತಾರೋ, ಅಳುತ್ತಾರೋ ಎಂದು ನಿಶಾ ಹೆದರಿದಳು. ಅವರು ಕೇಳಿದ್ದು ಒಂದೇ ಮಾತು.

"ಮುದ್ರೆ ಹಾಕುದು ಎದುರಿಗಾ, ಹಿಂದೆಯಾ?"

"ಹಿಂದೆ, ಉಪ್ಪ."

"ಹಿಂದೆ ಅಕ್ಷರ ಎಂತದಾದ್ರೂ ಉಂಟಾ?"

"ಇಲ್ಲ. ಖಾಲಿ."

"ಹಾಗಾದ್ರೆ ಶುಕ್ರವಾರ ಜುಮಾ ಕಳೆದು ಶುವೈಖ್‌ಗೆ ಬಾ" ಎಂದು ಫೋನಿಟ್ಟರು.

ಇಲ್ಲಿ ಪುತ್ತಬ್ಬನವರ ಕಸುಬು ಹೇಳಬೇಕು. ಮೂವತ್ತೊಂದು ವರ್ಷದಿಂದ ಅವರು ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪ್ ಒಂದರಲ್ಲಿ ಕಾರಿನ ಗಾಜಿಗೆ ಸನ್‌ಫಿಲ್ಮ್ ಅಂಟಿಸುವವರು. ಅಂಟಿಸುವುದನ್ನು ಯಾರೂ ಕಲಿಯಬಹುದು. ಹಳೆಯ ಫಿಲ್ಮನ್ನು ಗಾಜಿಗೆ ಗೀರು ಬೀಳದಂತೆ ಕೀಳುವುದು ಮಾತ್ರ ಎಲ್ಲರ ಕೈಗೆ ಹತ್ತುವ ವಿದ್ಯೆಯಲ್ಲ. ಹಿಂದಿನ ಗಾಜಿನ ಒಳಮೈಯಲ್ಲಿ ಮಂಜು ಕರಗಿಸಲೆಂದು ಇರುವ ಕೂದಲೆಳೆಯಂಥ ತಂತಿ ಒಂದು ಕಿತ್ತರೂ ಕೆಲಸ ಕೆಟ್ಟಿತು. ಅಂಥ ಕಾರು ಬಂದರೆ ವರ್ಕ್‌ಶಾಪಿನ ಮಾಲಿಕನಾದ ಕಫೀಲ್ ಕೂಡ "ಪುತ್ತಬ್ಬನನ್ನು ಕರೆಯಿರಿ" ಎನ್ನುತ್ತಿದ್ದ.

ಶುಕ್ರವಾರ ವರ್ಕ್‌ಶಾಪಿಗೆ ರಜೆ. ಸೆಪ್ಟೆಂಬರ್ ಬಿಸಿಲು ರಸ್ತೆಯ ಮೇಲೆ ಕುಣಿಯುತ್ತಿತ್ತು. ಹಳೆಯ ಕಾರೊಂದನ್ನು ಬೆಳಗಿನಿಂದ ಬಿಸಿಲಿಗೆ ನಿಲ್ಲಿಸಿದ್ದ ಪುತ್ತಬ್ಬನವರು ತಲೆಗೆ ಒದ್ದೆ ಬೈರಾಸು ಹಾಕಿ ಕಾಯುತ್ತಿದ್ದರು. ಬ್ಲೇಡಿನಿಂದ ಪ್ಲಾಸ್ಟಿಕ್ಕಿನ ಅಂಚು ಕತ್ತರಿಸಿ, ಸರ್ಟಿಫಿಕೇಟನ್ನು ಕಾರಿನ ಸುಡುವ ಮುಂಗಾಜಿನ ಮೇಲೆ ಬೋರಲು ಮಲಗಿಸಿದರು.

"ಬಿಸಿಗಾಳಿ ಊದುವ ಹೀಟ್ ಗನ್ ಇಲ್ವಾ ಉಪ್ಪ? ಬೇಗ ಆಗ್ತದಲ್ಲ."

"ಬೇಡ. ಗನ್ನಿನ ಬಿಸಿ ಒಂದೇ ಕಡೆ ಹಿಡೀತದೆ. ಬಿಸಿಲಿನದ್ದು ಎಲ್ಲಾ ಕಡೆ ಸಮ."

"ಕಾಗದಕ್ಕೆ ಹೇಗಾಗ್ತದೆ ಅಂತ ನಿಮಗೆ ಹೇಗೆ ಗೊತ್ತು?"

"ಗೊತ್ತುಂಟು. ನೀನು ಸುಮ್ನೆ ನೆರಳು ಬೀಳದ ಹಾಗೆ ನಿಲ್ಲು."

ಹದಿನೈದು ನಿಮಿಷ ಕಾದರು. ಆಮೇಲೆ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಫಿಲ್ಮನ್ನು ಮೇಲಕ್ಕೆತ್ತದೆ ಅದರ ಮೇಲೆಯೇ ಮಡಚಿ ಹಿಂದಕ್ಕೆ ಜಾರಿಸತೊಡಗಿದರು. ಅಕ್ಕಿಕಾಳಿನಷ್ಟು ಬಿಟ್ಟರೆ ನಿಲ್ಲುವುದು, ಮತ್ತೆ ಬಿಸಿಯೇರಲು ಬಿಡುವುದು, ಮತ್ತೆ ಅಕ್ಕಿಕಾಳಿನಷ್ಟು. ಅರ್ಧ ದಾರಿಯಲ್ಲಿ ಕಾಗದದ ನಾರೊಂದು ಎದ್ದಾಗ ನಿಶಾ ಕಣ್ಣುಮುಚ್ಚಿ ಸಲಾತಿನ ಪ್ರಾರ್ಥನೆ ಹೇಳಿಕೊಂಡಳು. ಪುತ್ತಬ್ಬನವರು ಅಲ್ಲಿ ಬಿಟ್ಟು ಇನ್ನೊಂದು ಮೂಲೆಯಿಂದ ಬಂದರು. ಮೂವತ್ತೊಂದು ವರ್ಷ ದುಡಿದ ಆ ಕೈಯನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಒಂದೂವರೆ ತಾಸಿಗೆ ಹಿಂಬದಿಯ ಪ್ಲಾಸ್ಟಿಕ್ ಪೂರ್ತಿ ಬಂತು. ಎದುರಿನದನ್ನು ಮುಟ್ಟಲಿಲ್ಲ. ಅವಳ ಹೆಸರು, ಸಹಿ, ಅಂಕೆ ಎಲ್ಲ ಇದ್ದ ಹಾಗೆಯೇ ಇದ್ದವು.

ಭಾನುವಾರ ಕೌಂಟರಿನಲ್ಲಿ ಅದೇ ಹೆಂಗಸು. ಸರ್ಟಿಫಿಕೇಟ್ ತಿರುಗಿಸಿದಳು, ಹಿಂಬದಿಗೆ ಹೆಬ್ಬೆರಳು ಉಜ್ಜಿದಳು, ಒಮ್ಮೆ ನಿಶಾಳ ಮುಖ ನೋಡಿದಳು. ಏನೂ ಕೇಳದೆ ಮುದ್ರೆ ಒತ್ತಿದಳು. ಬುಧವಾರ ಕಾಗದಗಳೆಲ್ಲ ವಿಶ್ವವಿದ್ಯಾಲಯ ಸೇರಿದವು. ಎರಡು ವಾರಕ್ಕೆ ಸರ್ಟಿಫಿಕೇಟು ಹಿಂದೆ ಬಂತು, ಜೊತೆಗೊಂದು ಪತ್ರ. ಅರವತ್ತು ಕ್ರೆಡಿಟ್‌ಗಳಲ್ಲಿ ಐವತ್ತನಾಲ್ಕನ್ನು ಒಪ್ಪಿದ್ದಾರೆ, ಮೂರನೇ ವರ್ಷ, ಸಂಜೆಯ ಕ್ಲಾಸು. ಮರೀನಾ ಆ ಪತ್ರ ಓದಿ, ಆಫೀಸೆಂಬುದನ್ನೂ ಮರೆತು ಅವಳನ್ನು ತಬ್ಬಿಕೊಂಡಳು.

ಆ ಶುಕ್ರವಾರ ನಿಶಾ ಪತ್ರದೊಂದಿಗೆ ಅಪ್ಪನ ಮನೆಗೆ ಹೋದಳು. ಸರ್ಟಿಫಿಕೇಟನ್ನು ನೀಲಿ ಫೈಲಿನಲ್ಲಿ ಹಿಂದಿಡಲು ಹೊರಟಾಗ ಹಾಳೆಗಳ ನಡುವೆ ಒಂದು ಕಂದುಗಟ್ಟಿದ ಚೂರು ಸಿಕ್ಕಿತು. ಒಂದು ಕಡೆ ಸುಟ್ಟು ಸುರುಟಿದ್ದ ಕಾಗದ, ಪಕ್ಕದಲ್ಲಿ ಕಿತ್ತ ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂದ ನೀಲಿ ಶಾಯಿಯ ಕನ್ನಡ ಅಕ್ಷರಗಳು ತಿರುವುಮುರುವಾಗಿ ಕಾಣುತ್ತಿದ್ದವು. ಬೆಳಕಿಗೆ ಹಿಡಿದು ಓದಿದಳು. 'ಪುತ್ತಬ್ಬ. ಏಳನೇ ತರಗತಿ. ಉತ್ತೀರ್ಣ.'

ಹೀಟ್ ಗನ್ ಏಕೆ ಬೇಡವೆಂದು ಅವರಿಗೆ ಹೇಗೆ ಗೊತ್ತಾಯಿತೆಂಬುದು ಅವಳಿಗೆ ಆಗ ಅರ್ಥವಾಯಿತು. ಅದನ್ನು ಹಿಡಿದುಕೊಂಡೇ ಹಜಾರಕ್ಕೆ ಬಂದಳು.

"ಇದೆಂತ ಮಾಡಿದ್ದು ಉಪ್ಪ? ನಿಮ್ಮತ್ರ ಇದ್ದದ್ದು ಇದೊಂದೇ."

ಪುತ್ತಬ್ಬನವರು ಚಹಾದ ಲೋಟ ಕೆಳಗಿಟ್ಟರು. "ಮತ್ತೆ ಎಂತದರಲ್ಲಿ ಮಾಡಿ ನೋಡುದು? ಅದೇ ಅಂಗಡಿ, ಅದೇ ದಿನ, ಅದೇ ಪ್ಲಾಸ್ಟಿಕ್ಕು. ನಂದು ಏಳನೇದು ಇನ್ನು ಯಾರಿಗೆ ತೋರಿಸ್ಲಿಕ್ಕುಂಟು ಮಗಳೇ? ನಿಂದಕ್ಕೆ ಇನ್ನೂ ಕೆಲಸ ಉಂಟು."

ನಿಶಾ ಅವರ ಪಕ್ಕದಲ್ಲಿ ಕೂತು, ಅವರ ಹೆಗಲಿಗೆ ಹಣೆಯಿಟ್ಟು ಅತ್ತಳು. ಪುತ್ತಬ್ಬನವರು ಅವಳ ಬೆನ್ನು ಸವರಿದರು. ಆಮೇಲೆ ಅವಳ ಮಡಿಲಲ್ಲಿದ್ದ ವಿಶ್ವವಿದ್ಯಾಲಯದ ಪತ್ರವನ್ನು ಅಂಚಿನಲ್ಲಿ ಎರಡೇ ಬೆರಳಿಂದ ಹಿಡಿದು ಎತ್ತಿ, ದೂರವಿಟ್ಟು ನೋಡಿದರು.

"ಕಾಗದ ಭಾರೀ ತೆಳು ಉಂಟು" ಎಂದರು.

"ಉಪ್ಪ, ಬೇಡ."

"ಇದಕ್ಕಲ್ಲ ಮಾರಾಯ್ತಿ. ಒಂದು ಝೆರಾಕ್ಸ್ ತೆಗೆದುಕೊಡು, ಅದಕ್ಕೆ ಲ್ಯಾಮಿನೇಶನ್ ಮಾಡಿಸ್ತೇನೆ. ನನ್ನ ಏಳನೇದರ ಜಾಗ ಈಗ ಖಾಲಿ ಉಂಟಲ್ಲ."